ಪಿಲಾರಳ ಹೆಗಲವಸ್ತ್ರ

ಬೆಳಗಿನ ಹತ್ತೂಕಾಲಿಗೆ ನನ್ನನ್ನು ಬಂದರಿನ ಕಚೇರಿಗೆ ಕರೆಸಿದರು. ಎಷ್ಟೋ ವರ್ಷಗಳಾದರೂ ಆ ಗಂಟೆ ಮರೆತಿಲ್ಲ. ದೋಣಿ ಮುಗುಚಿ ನಾಲ್ಕು ದಿನವಾಗಿತ್ತು. ಗುರುತಾಗದ ಮೂರು ಹೆಣಗಳು ಉಳಿದಿದ್ದವು. ನೀರಿನಲ್ಲಿ ಕೊಳೆತು ಅವುಗಳಿಗೆ ಮುಖವೇ ಉಳಿದಿರಲಿಲ್ಲ. ಹನ್ನೆರಡಕ್ಕೆ ಮೂರನ್ನೂ ಒಂದೇ ಗುಂಡಿಗೆ ಹಾಕುವುದೆಂದು ತೀರ್ಮಾನವಾಗಿತ್ತು.

ಮೇಜಿನ ಮೇಲೆ, ಆ ಹೆಣಗಳಲ್ಲೊಂದರ ಮೈಮೇಲಿಂದ ತೆಗೆದ ಅನಾನಸ್ ನಾರಿನ ಹೆಗಲವಸ್ತ್ರವೊಂದು ಒದ್ದೆಯಾಗಿ ಬಿದ್ದಿತ್ತು. ಪಕ್ಕದಲ್ಲಿ, ಆ ದೋಣಿಯಲ್ಲಿ ಹೋಗಿದ್ದ ಪಿಲಾರಳ ಚಿತ್ರ; ಹಿಂದಿನ ವರ್ಷ ಅವಳು ಹೆಗಲವಸ್ತ್ರ ಹೊದ್ದು ಕೂತಾಗ ನಾನು ಬರೆದದ್ದು. ಅವಳ ತಾಯಿ, ಮೀನು ಮಾರುವ ತೊಮಾಸಾ, ವಸ್ತ್ರದ ಮೂಲೆಯನ್ನು ಬಿಗಿಯಾಗಿ ಹಿಡಿದು ನಿಂತಿದ್ದಳು.

“ಇದೇ ಕಸೂತಿ ದೋಣಿಯಲ್ಲಿ ಮೂವರು ಹುಡುಗಿಯರ ಮೈಮೇಲಿತ್ತು,” ಎಂದರು ಅಧಿಕಾರಿ ದೊನ್ ಎವಾರಿಸ್ತೊ. “ಇದಕ್ಕೆ ಕತ್ತಿನ ಹತ್ತಿರ ರಫು ಇದೆ, ಚಿತ್ರದಲ್ಲಿಲ್ಲ. ಇದ್ದಿದ್ದರೆ ನೀವು ಬಿಡ್ತಿದ್ರಾ, ಮಾಯೆಸ್ತ್ರೊ? ಸೊಳ್ಳೆ ಕೂತಿದ್ದರೆ ಸೊಳ್ಳೆಯನ್ನೂ ಬರೆಯೋರು!”

“ಇಲಿ ಕಡಿದಿತ್ತು. ನಾನೇ ರಫು ಹಾಕಿದ್ದು, ಸ್ವಾಮಿ. ನನ್ನ ಕೈಕೆಲಸ ನನಗೆ ತಿಳಿಯಲ್ವಾ?” ತೊಮಾಸಾ ನನ್ನತ್ತ ತಿರುಗಿದಳು. “ನೀವಾದರೂ ಹೇಳಿ!”

ಕಂಡದ್ದನ್ನು ಎಳೆ ಬಿಡದೆ ಬರೆಯುವುದೇ ನಮ್ಮೂರಲ್ಲಿ ಚಿತ್ರಕಾರನ ಮರ್ಯಾದೆ. ಜನ ಕಸೂತಿಯ ಹೂ ಎಣಿಸಿ ನೋಡಿ ಚಿತ್ರ ಒಯ್ಯುತ್ತಿದ್ದರು. ನಾನೂ ರಫುವನ್ನು ಬರೆದಿದ್ದೆ. ಚಿತ್ರ ಮುಗಿಯುವ ದಿನ ಪಿಲಾರ್ ಮೆಲ್ಲಗೆ, “ಗಂಡಿನ ಮನೆಯವರು ನೋಡ್ತಾರೆ, ಮಾಯೆಸ್ತ್ರೊ. ಆ ಹೊಲಿಗೆ ಕಾಣೋದು ಬೇಡ. ಅಮ್ಮನಿಗೆ ಹೇಳಬೇಡಿ, ನೊಂದ್ಕೊಳ್ತಾಳೆ,” ಎಂದಿದ್ದಳು. ಅದರ ಮೇಲೊಂದು ಮಲ್ಲಿಗೆ ಬರೆದು ಮುಚ್ಚಿದ್ದೆ.

ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಹನ್ನೊಂದು ಹೊಡೆಯಿತು.

“ಚಿತ್ರದಲ್ಲೇ ಸುಳ್ಳಾಡಿದವರ ಬಾಯಿಮಾತನ್ನ ನಾನು ಹೇಗೆ ನಂಬಲಿ?” ಎಂದರು ಅಧಿಕಾರಿ.

“ರಫು ಬಣ್ಣದ ಕೆಳಗಿದೆ. ಕೆರೆದರೆ ಕಾಣುತ್ತದೆ.” ಆಮೇಲೆ ತೊಮಾಸಾಗೆ ಹೇಳಿದೆ: “ಬಣ್ಣ ಎಲ್ಲಿಯವರೆಗೆ ಎದ್ದು ಬರುತ್ತೋ ಗೊತ್ತಿಲ್ಲ, ತಾಯಿ. ಮುಖವೂ ಹೋಗಬಹುದು.”

ಮಗಳ ಬೇರೆ ಚಿತ್ರ ಅವಳಲ್ಲಿರಲಿಲ್ಲ. ಆ ಮುಖದ ಮೇಲೆ ಅಂಗೈಯಿಟ್ಟಳು.

“ನನಗೇ ಹೇಳಲಿಲ್ಲ ನೋಡಿ, ಕಳ್ಳಿ,” ಎಂದಳು. ಕೈ ತೆಗೆದಳು. “ಕೆರೀರಿ.”

ಹನ್ನೊಂದು ನಲವತ್ತಕ್ಕೆ ರಫು ಕಾಣಿಸಿತು. ಅಷ್ಟರಲ್ಲಿ ಗಲ್ಲ ಹೋಗಿತ್ತು, ತುಟಿ ಹೋಗಿತ್ತು. ದೊನ್ ಎವಾರಿಸ್ತೊ ಮೊದಲು ಬಟ್ಟೆಯ ಮೇಲೆ, ಆಮೇಲೆ ಚಿತ್ರದ ಮೇಲೆ ಎಳೆ ಎಣಿಸಿದರು. ಎರಡರಲ್ಲೂ ಒಂಬತ್ತು.

ಸಂಜೆ ನಾಲ್ಕಕ್ಕೆ ಪಿಲಾರಳನ್ನು ಅವಳ ಹೆಸರಿನಲ್ಲೇ ಮಣ್ಣು ಮಾಡಿದರು. ಉಳಿದ ಇಬ್ಬರನ್ನು ಹನ್ನೆರಡಕ್ಕೇ ಗುಂಡಿಗೆ ಹಾಕಿಯಾಗಿತ್ತು.