ರೆಕಾರ್ಡಿಗೆ ಜ್ವರ

ಮೊದಲ ಸಾಲು ಮುಗಿಯುವಷ್ಟರಲ್ಲೇ ನರ್ಸಮ್ಮ ಪಿಯಾನೋದಿಂದ ಕೈ ಎತ್ತಿಬಿಟ್ಟರು. ಬಾಸ್ ಮೀಟುತ್ತಿದ್ದ ಪೋಸ್ಟ್‌ಮ್ಯಾನ್ ತಂತಿಗಳ ಮೇಲೆ ಅಂಗೈ ಇಟ್ಟು ಸುಮ್ಮನಾದ. ಡ್ರಮ್ ಬಾರಿಸುತ್ತಿದ್ದ ಬಸ್ ಡ್ರೈವರ್‌ಗೆ ಬ್ರೇಕ್ ಹಾಕಲು ಸ್ವಲ್ಪ ಹೊತ್ತು ಬೇಕಾಯಿತು. ಕೊನೆಗೆ ಉಳಿದದ್ದು ಸ್ಯಾಕ್ಸೊಫೋನ್ ಒಂದೇ. ಅದನ್ನು ಊದುತ್ತಿದ್ದ ಲಾಂಡ್ರಿಯಕ್ಕ ಕಣ್ಣು ಮುಚ್ಚಿಕೊಂಡಿದ್ದರಿಂದ ಇನ್ನೂ ಎರಡು ಸಾಲು ತನ್ನ ಪಾಡಿಗೆ ತಾನು ಊದಿ, ಏನೋ ಕಮ್ಮಿಯಾಗಿದೆ ಅನ್ನಿಸಿ ಕಣ್ಣು ಬಿಟ್ಟಳು.

"ಚೆನ್ನಾಗಿ ಊದ್ತೀಯಮ್ಮ," ಎಂದರು ನರ್ಸಮ್ಮ. "ಆದ್ರೆ ನಾವೊಂದು ಕಡೆ ಇದೀವಿ, ನೀನೊಂದು ಕಡೆ ಇದೀಯ."

"ಹಾಡು ಅದೇ ತಾನೆ?"

"ಹಾಡು ಅದೇ. ಶ್ರುತಿ ಅರ್ಧ ಸ್ವರ ಮೇಲಿದೆ. ಸಾಲದ್ದಕ್ಕೆ, ಯಾರೋ ನಿನ್ನ ಅಟ್ಟಿಸಿಕೊಂಡು ಬರ್ತಿರೋ ಹಾಗೆ ಓಡ್ತಾ ಇದೀಯ."

"ರೆಕಾರ್ಡಲ್ಲಿ ಹೀಗೇ ಇರೋದು," ಎಂದಳು ಲಾಂಡ್ರಿಯಕ್ಕ.

"ಆ ರೆಕಾರ್ಡ್ ನಮ್ಮನೇಲೂ ಇದೆ."

ಶ್ರುತಿ ಇಳಿಯಲು ಊದುವ ತುದಿಯನ್ನು ಸ್ವಲ್ಪ ಹೊರಗೆಳೆದು ನೋಡಿ ಅಂದ ಡ್ರೈವರ್. ಎಳೆದು ನೋಡಿದಳು. ಕೆಳಗಿನ ಸ್ವರಗಳು ಹೇಗೋ ಸರಿಹೋದವು. ಮೇಲಿನವು ಬಾಗಿಲಿಗೆ ಬಾಲ ಸಿಕ್ಕಿದ ಬೆಕ್ಕಿನ ಹಾಗೆ ಅರಚಿಕೊಂಡವು. ಪೋಸ್ಟ್‌ಮ್ಯಾನ್ ಕಿಟಕಿಯ ಕಡೆ ತಿರುಗಿ ಕೆಮ್ಮಿದ. ಅದು ಕೆಮ್ಮಲ್ಲ ಎಂದು ಎಲ್ಲರಿಗೂ ಗೊತ್ತಾಯಿತು.

ನರ್ಸಮ್ಮ, ಪೋಸ್ಟ್‌ಮ್ಯಾನ್, ಡ್ರೈವರ್, ಈ ಮೂವರು ಪ್ರತಿ ಗುರುವಾರ ಸಂಜೆ ಸಭಾಂಗಣದ ಮಹಡಿಯಲ್ಲಿ, ಒಂದರ ಮೇಲೊಂದು ಪೇರಿಸಿಟ್ಟ ಕುರ್ಚಿಗಳ ನಡುವೆ ಸೇರುತ್ತಿದ್ದರು. ಅವರಿಗೆ ಹುಚ್ಚು ಹಿಡಿಸಿದ್ದು ಹಾರ್ಡ್ ಬಾಪ್ ಕಾಲದ ಜಾಝ್. ನಾಲ್ಕೈದು ಜನ ಬೆಳಿಗ್ಗೆ ಒಂದು ಕೋಣೆಗೆ ಹೊಕ್ಕು, ಸಂಜೆ ಅಂಗಿಯೆಲ್ಲ ಒದ್ದೆ ಮಾಡಿಕೊಂಡು ಹೊರಬರುವಷ್ಟರಲ್ಲಿ ಒಂದಿಡೀ ಆಲ್ಬಮ್ ಮುಗಿಸಿರುತ್ತಿದ್ದ ಕಾಲ ಅದು. ಅಂಥದೊಂದು ಆಲ್ಬಮನ್ನು, ಕಿತ್ತಳೆ ಬಣ್ಣದ ಕವರಿನದು, ಎರಡೂ ಬದಿ ಮೊದಲಿಂದ ಕೊನೆಯವರೆಗೆ ಅದೇ ಕ್ರಮದಲ್ಲಿ ನುಡಿಸುತ್ತೇವೆ ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದರು. ಅಷ್ಟರಲ್ಲಿ ಅವರ ಸ್ಯಾಕ್ಸೊಫೋನಿನವನು ಮಗಳ ಊರಿಗೆ ವಾಸ ಬದಲಾಯಿಸಿ ಕೈಕೊಟ್ಟ. ಸ್ಯಾಕ್ಸೊಫೋನ್ ಇಲ್ಲದೆ ಆ ಆಲ್ಬಮ್ ಇಲ್ಲ. ಇನ್ನೇನು ಕಾರ್ಯಕ್ರಮ ನಿಲ್ಲಿಸಬೇಕು ಅನ್ನುವಾಗ ಡ್ರೈವರ್ ತನ್ನ ಯೂನಿಫಾರ್ಮ್ ತರಲು ಲಾಂಡ್ರಿಗೆ ಹೋದ. ಮಷೀನುಗಳ ಗದ್ದಲದ ಹಿಂದಿನಿಂದ ಯಾರೋ ಸ್ಯಾಕ್ಸೊಫೋನಿನಲ್ಲಿ ಅದೇ ಆಲ್ಬಮಿನ ಮೂರನೆಯ ಹಾಡು ಊದುವುದು ಕೇಳಿಸಿತು. ಅವನಿಗೆ ಹೋದ ಜೀವ ಬಂದಂತಾಯಿತು.

ಲಾಂಡ್ರಿಯಕ್ಕ ಯಾರಿಂದಲೂ ಕಲಿತವಳಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಾವನ ರೆಕಾರ್ಡುಗಳ ಪೆಟ್ಟಿಗೆ ಕಂಡಳು. ಮಾವ ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದವರು. ಬೇರೆಯವರು ಬಂದರಿನಲ್ಲಿ ಇಳಿದು ಏನೇನೋ ಕೊಂಡರೆ ಇವರು ಎಲ್‌ಪಿ ಕೊಳ್ಳುತ್ತಿದ್ದರು. ಹಳೆಯ ಸ್ಯಾಕ್ಸೊಫೋನ್ ಕೂಡ ಅದೇ ದಾರಿಯಲ್ಲಿ ಬಂದದ್ದು. ಮಷೀನು ತಿರುಗುವಾಗ ರೆಕಾರ್ಡ್ ಹಾಕಿ, ಕೇಳಿದ್ದನ್ನೇ ಊದುತ್ತ ಊದುತ್ತ ವರ್ಷಗಳೇ ಕಳೆದವು. ಆ ಗದ್ದಲದಲ್ಲಿ ತಪ್ಪೋ ಒಪ್ಪೋ ಯಾರಿಗೂ ಗೊತ್ತಾಗುವಂತಿರಲಿಲ್ಲ. ಅವಳಿಗೂ ಗೊತ್ತಾಗಿರಲಿಲ್ಲ ಎಂಬುದು ಈಗ ಬಯಲಾಯಿತು. ಇಷ್ಟು ಕಾಲ ತಾನು ಮಾಡಿದ್ದು ಸಂಗೀತವೋ, ಮಷೀನಿನ ಜೊತೆಗೆ ಇನ್ನೊಂದು ಗದ್ದಲವೋ?

"ನನ್ನ ಕಿವಿಯೇ ಸರಿ ಇಲ್ಲ," ಎಂದಳು ಗಂಡನ ಹತ್ತಿರ.

"ಕಿವಿ ಸರಿ ಇಲ್ಲದೆ ಇದ್ರೆ ನಾನು ತಿಂಡಿ ಡಬ್ಬಿ ಮುಚ್ಚಳ ತೆಗೆದದ್ದು ಅಲ್ಲಿಂದ ಹೇಗೆ ಕೇಳಿಸುತ್ತೆ?" ಎಂದ ಅವನು. ಸಮಾಧಾನ ಹೇಳುವುದರಲ್ಲಿ ಅವನ ಕೈ ಯಾವಾಗಲೂ ಸ್ವಲ್ಪ ಮೊಂಡು.

ಮರುದಿನ ಮಧ್ಯಾಹ್ನ ನರ್ಸಮ್ಮ ಕಿತ್ತಳೆ ಬಣ್ಣದ ತಮ್ಮ ರೆಕಾರ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ಅಂಗಡಿಗೇ ಬಂದರು. ತೂಗುಹಾಕಿದ ಕೋಟುಗಳನ್ನು ಸರಿಸಿಕೊಂಡು ಹಿಂದಿನ ಕೋಣೆ ಹೊಕ್ಕರು. ಮಾವ ಮೂಲೆಯಲ್ಲಿ ಕೂತು ಕಾಲ್ಚೀಲಗಳ ಜೋಡಿ ಹುಡುಕುತ್ತಿದ್ದರು.

"ಹಾಕು ನೋಡೋಣ," ಎಂದರು ನರ್ಸಮ್ಮ.

ಮುಳ್ಳು ಕೂತಿತು, ಹಾಡು ಶುರುವಾಯಿತು. ನರ್ಸಮ್ಮನ ಹುಬ್ಬು ಮೇಲೇರಿತು. ಅವರು ರೆಕಾರ್ಡಿನ ನಡುವಿನ ಕಾಗದದ ಮೇಲೆ ಚೂರು ಟೇಪು ಅಂಟಿಸಿ, ಕೈಗಡಿಯಾರ ನೋಡುತ್ತ, ತುಟಿ ಆಡಿಸುತ್ತ ಅದು ಸುತ್ತುವುದನ್ನು ಎಣಿಸತೊಡಗಿದರು. ಆಸ್ಪತ್ರೆಯಲ್ಲಿ ನಾಡಿ ಹಿಡಿದು ಹಿಡಿದು ಬಂದ ಅಭ್ಯಾಸ. ನಿಮಿಷ ಮುಗಿಯಿತು.

"ಮೂವತ್ತಮೂರು ಚಿಲ್ಲರೆ ಸುತ್ತು ಬರಬೇಕಾದ್ದು ಮೂವತ್ತೈದು ದಾಟ್ತಾ ಇದೆ," ಎಂದರು. "ನಿಮ್ಮ ರೆಕಾರ್ಡಿಗೆ ಜ್ವರ."

ತಟ್ಟೆ ಎತ್ತಿ ನೋಡಿದರೆ ಮೋಟಾರಿನ ಪುಟ್ಟ ಚಕ್ರಕ್ಕೆ ಬಟ್ಟೆಯ ಟೇಪು ಸುತ್ತಿತ್ತು. ಸುತ್ತಿದ್ದು ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಅದು ಅಲ್ಲೇ ಹುಟ್ಟಿದ್ದೇನೋ ಅನ್ನಿಸುತ್ತಿತ್ತು. ಚಕ್ರ ಅಷ್ಟು ದಪ್ಪಗಾದದ್ದಕ್ಕೇ ಬೆಲ್ಟು ತಟ್ಟೆಯನ್ನು ಬೇಗ ಬೇಗ ಓಡಿಸುತ್ತಿತ್ತು.

"ಬೆಲ್ಟ್ ಜಾರ್ತಾ ಇತ್ತು," ಎಂದರು ಮಾವ. "ನಾನು ಸುತ್ತಿದೆ. ಆಮೇಲೆ ಒಂದು ದಿನವೂ ಜಾರಲಿಲ್ಲ."

"ಅದೇನೋ ನಿಜ," ಎಂದರು ನರ್ಸಮ್ಮ.

ಟೇಪು ಬಿಚ್ಚಿ, ಹೊಸ ಬೆಲ್ಟು ತರಿಸಿ ಹಾಕಿ, ಅದೇ ಹಾಡು ಮತ್ತೆ ಇಟ್ಟರು. ಸ್ಯಾಕ್ಸೊಫೋನ್ ಒಂದು ಮೆಟ್ಟಿಲು ಕೆಳಗಿಳಿದು, ನಿಧಾನವಾಗಿ ನಡೆದುಕೊಂಡು ಬಂತು.

"ಏನಿವರು, ಊಟ ಮಾಡದೆ ನುಡಿಸ್ತಾ ಇದಾರಾ?" ಎಂದರು ಮಾವ. ಆಮೇಲೆ ತಾವೇನು ಮಾಡಿದ್ದೇವೆಂದು ಅರಿವಾಗಿ ಅವರ ಮುಖ ಸಣ್ಣದಾಯಿತು. "ಅಲ್ಲಮ್ಮ, ಇಷ್ಟು ವರ್ಷ ನಿನಗೆ ತಪ್ಪನ್ನೇ ಕಲಿಸಿಬಿಟ್ಟೆನಲ್ಲ."

"ನನ್ನ ಕಿವಿ ಸರಿ ಇದೆ ಮಾವ," ಎಂದಳು ಲಾಂಡ್ರಿಯಕ್ಕ. ಅವಳಿಗೆ ಅಳುವೂ ಬಂತು, ನಗುವೂ ಬಂತು. ನಗು ಮೊದಲು ಹೊರಬಿತ್ತು. "ಕೇಳಿದ್ದನ್ನೇ ಊದಿದ್ದೀನಿ. ಚೂರೂ ತಪ್ಪಿಲ್ಲ."

"ತಪ್ಪಿಲ್ಲ ಅನ್ನೋದೇ ಸಂಕಟ," ಎಂದರು ನರ್ಸಮ್ಮ. "ನೀನು ಕಲಿತಿರೋ ಶ್ರುತಿ ಇದೆಯಲ್ಲ, ಸ್ಯಾಕ್ಸೊಫೋನಿನವರು ಅದರ ಹೆಸರು ಕೇಳಿದ್ರೆ ರಸ್ತೆ ದಾಟಿ ಆ ಕಡೆ ಹೋಗ್ತಾರೆ. ಅಷ್ಟು ಕಷ್ಟ."

"ಕಷ್ಟ ಅಂತ ಯಾರೂ ಹೇಳಲಿಲ್ಲವಲ್ಲ."

"ಪಿಯಾನೋದಲ್ಲೂ ಅಷ್ಟೇ. ಎಲ್ಲಿ ನೋಡಿದ್ರೂ ಕಪ್ಪು ಕೀಗಳು. ಈ ವಯಸ್ಸಲ್ಲಿ ನನ್ನ ಬೆರಳು ಅಲ್ಲಿಗೆಲ್ಲ ಹತ್ತಲ್ಲಮ್ಮ, ಗಂಟುಗಂಟೂ ನೋಯುತ್ತೆ. ನೀನೇ ಕೆಳಗಿಳಿದು ಬಾ. ಇನ್ನೂ ಒಂದು ವಾರ ಇದೆ."

ಆ ವಾರ ಲಾಂಡ್ರಿಯಲ್ಲಿ ಏನೇನಾಯಿತೋ ಗಿರಾಕಿಗಳನ್ನು ಕೇಳಬೇಕು. ಒಬ್ಬರ ಕಾಲರಿನ ಮೇಲೆ ಇಸ್ತ್ರಿಯ ಗುರುತು ಬಿತ್ತು. ಬಿಳಿಯ ಟವೆಲುಗಳ ಜೊತೆ ಒಂದು ಕೆಂಪು ಕಾಲ್ಚೀಲ ಹೋಗಿ, ಹೋಟೆಲಿನವನಿಗೆ ಗುಲಾಬಿ ಟವೆಲುಗಳ ಭಾಗ್ಯ ಬಂತು. ಲಾಂಡ್ರಿಯಕ್ಕನ ತಲೆಗೆ ಹೊಸ ಶ್ರುತಿ ಎರಡೇ ದಿನಕ್ಕೆ ಹತ್ತಿತು, ಬೆರಳಿಗೆ ಹತ್ತಲಿಲ್ಲ. ತಲೆ ಒಂದು ಹೇಳಿದರೆ ಬೆರಳು ಹಳೆಯ ಮನೆಯ ದಾರಿ ಹಿಡಿಯುತ್ತಿತ್ತು. ಹೇಗೋ ಗದರಿಸಿ, ಪುಸಲಾಯಿಸಿ, ಗುರುವಾರದ ಹೊತ್ತಿಗೆ ಎಲ್ಲ ಹಾಡುಗಳನ್ನೂ ತಪ್ಪಿಲ್ಲದೆ ಮುಟ್ಟಿಸಿದಳು. "ಸಾಕು, ಇಷ್ಟು ಸಾಕು," ಎಂದರು ನರ್ಸಮ್ಮ, ಅವಳ ಮುಖ ನೋಡದೆ.

ಶನಿವಾರ ಸಭಾಂಗಣದ ಮುಕ್ಕಾಲು ಭಾಗ ತುಂಬಿತ್ತು. ಗುಲಾಬಿ ಟವೆಲಿನ ಹೋಟೆಲಿನವನೂ ಬಂದಿದ್ದ. ಮಾವ ಗರಿಗರಿ ಕೋಟು ಹಾಕಿಕೊಂಡು ಮುಂದಿನ ಸಾಲಿನಲ್ಲಿ, ತೀರ್ಪಿಗೆ ಕಾಯುವವರ ಹಾಗೆ ಕೂತಿದ್ದರು.

ಮೊದಲ ಬದಿ ಸಾಂಗವಾಗಿ ಮುಗಿಯಿತು. ಎಲ್ಲೂ ಎಡವಲಿಲ್ಲ. ಅಳತೆ ತಪ್ಪದ, ಆದರೆ ಬೇರೆಯವರ ಚಪ್ಪಲಿ ಹಾಕಿಕೊಂಡು ನಡೆದಂಥ ನುಡಿಸಾಣಿಕೆ. ಜನ ಮರ್ಯಾದೆಗೆ ಕಮ್ಮಿಯಿಲ್ಲದಂತೆ ಚಪ್ಪಾಳೆ ತಟ್ಟಿದರು. ವಿರಾಮದಲ್ಲಿ ಗಂಡ ನೀರು ತಂದುಕೊಟ್ಟು, "ತಪ್ಪೇನೂ ಇರಲಿಲ್ಲ," ಎಂದ. ಆಸ್ಪತ್ರೆಯ ಊಟದ ಬಗ್ಗೆ ಹೇಳುವ ದನಿಯಲ್ಲಿ. ಲಾಂಡ್ರಿಯಕ್ಕ ನೀರು ಕುಡಿದು ಲೋಟ ವಾಪಸು ಕೊಟ್ಟಳು. ಇಷ್ಟೇ ತನ್ನ ಪಾಲಿಗೆ ಇದ್ದದ್ದು, ಆಯಿತು, ಮರ್ಯಾದೆಯಾಗಿ ಮುಗಿಸಿ ಮನೆಗೆ ಹೋಗೋಣ ಅಂದುಕೊಂಡಳು.

ಎರಡನೆಯ ಬದಿಯ ಹಾಡುಗಳೂ ಹಾಗೇ ಸಾಗಿದವು. ಕೊನೆಯದೊಂದು ಉಳಿಯಿತು, ಆಲ್ಬಮಿನಲ್ಲೇ ಅತಿ ಬಿರುಸಿನದು. ಅದಕ್ಕೆ ಪಿಯಾನೋ ಮೊದಲು ಶುರು ಮಾಡಬೇಕು. ನರ್ಸಮ್ಮ ಕನ್ನಡಕ ಸರಿಮಾಡಿಕೊಂಡರು. ಡ್ರೈವರ್ ಕಡೆ ನೋಡಿದರು, ಪೋಸ್ಟ್‌ಮ್ಯಾನ್ ಕಡೆ ನೋಡಿದರು. ಆಮೇಲೆ ಎರಡೂ ಕೈ ಕಪ್ಪು ಕೀಗಳ ಮೇಲೆ ಇಳಿದವು.

ಅರ್ಧ ಸ್ವರ ಮೇಲೆ. ಅದೂ ಜ್ವರದ ವೇಗದಲ್ಲಿ.

ಲಾಂಡ್ರಿಯಕ್ಕ ತಲೆ ತಿರುಗಿಸಿದಳು. ನರ್ಸಮ್ಮ ಕೈ ತಪ್ಪಿ ಅಲ್ಲಿಗೆ ಹೋದರೇನೋ ಅಂದುಕೊಂಡಳು. ಆದರೆ ಪೋಸ್ಟ್‌ಮ್ಯಾನ್ ತಡವರಿಸದೆ ಅದೇ ಶ್ರುತಿಗೆ ಬಂದು ಸೇರಿದ. ಡ್ರೈವರ್ ಇಳಿಜಾರಿನಲ್ಲಿ ಬಸ್ಸು ಬಿಟ್ಟವನ ಹಾಗೆ ಹಲ್ಲುಬಿಟ್ಟು ಬಾರಿಸುತ್ತಿದ್ದ. ಈ ಮೂವರೂ ಇಡೀ ವಾರ ತನಗೆ ಹೇಳದೆ ಬೇರೆಯಾಗಿ ಸೇರಿ ಕಲಿತಿದ್ದಾರೆ ಎಂದು ಅವಳಿಗೆ ಗೊತ್ತಾಗುವಷ್ಟರಲ್ಲಿ ಅವಳ ಸರದಿ ಬಂತು. ಕಣ್ಣು ತಾನಾಗಿ ಮುಚ್ಚಿತು. ಬೆರಳುಗಳಿಗೆ ಯಾರೂ ದಾರಿ ಹೇಳಬೇಕಾಗಲಿಲ್ಲ.

ಆಮೇಲಿನದನ್ನು ಆ ದಿನ ಅಲ್ಲಿದ್ದವರು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಹೋಟೆಲಿನವನು ಕುರ್ಚಿಯಿಂದ ಎದ್ದು ನಿಂತದ್ದಂತೂ ನಿಜ. ಹಾಡಿನ ನಡುವೆ ಮುಂದಿನ ಸಾಲಿನಿಂದ "ಈಗ ಸರಿಹೋಯ್ತು" ಎಂದು ಮಾವ ಹೇಳಿದ್ದು ಹಿಂದಿನ ಬಾಗಿಲಲ್ಲಿ ನಿಂತಿದ್ದವರಿಗೂ ಕೇಳಿಸಿತು. ಗಂಡ ಮಾತ್ರ ಚಪ್ಪಾಳೆ ತಟ್ಟುವುದನ್ನೂ ಮರೆತು ಆ ಲೋಟ ಹಿಡಿದೇ ನಿಂತಿದ್ದ.

ಜನ ಚದುರಿದ ಮೇಲೆ ಲಾಂಡ್ರಿಯಕ್ಕ ನರ್ಸಮ್ಮನನ್ನು ಹುಡುಕಿಕೊಂಡು ಹೋದಳು. ಅವರು ವೇದಿಕೆಯ ಹಿಂದಿನ ಕೋಣೆಯ ಬೆಂಚಿನ ಮೇಲೆ, ಎರಡೂ ಕೈಗಳನ್ನು ಬೇರೆ ಯಾರದೋ ಸಾಮಾನಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ.

"ಯಾಕೆ ಹೇಳಲಿಲ್ಲ ನೀವು?"

"ಆಗುತ್ತೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಹೇಳಿ ಆಸೆ ಹುಟ್ಟಿಸಿ, ಆಮೇಲೆ ಕೈ ಎತ್ತೋದು ಹೇಗೆ?" ಎಂದರು ನರ್ಸಮ್ಮ. "ಒಂದು ಹಾಡಿಗೇ ಹೀಗಾಗಿದೆ. ಇಡೀ ಆಲ್ಬಮ್ ಕೇಳಬೇಡ ಮತ್ತೆ."

ಮೂಲೆಯ ನಲ್ಲಿಯಲ್ಲಿ ಬಿಸಿನೀರು ಬರುತ್ತಿತ್ತು. ಲಾಂಡ್ರಿಯಕ್ಕ ಗೂಟದಲ್ಲಿದ್ದ ಟವೆಲು ತಂದು ಅದರ ಕೆಳಗೆ ಹಿಡಿದಳು, ಒಂದು ಹನಿಯೂ ಉಳಿಯದಂತೆ ಹಿಂಡಿದಳು, ನರ್ಸಮ್ಮನ ಎದುರು ನೆಲದ ಮೇಲೆ ಕೂತು ಅವರ ಬಲಗೈಯನ್ನು ಅದರಲ್ಲಿ ಸುತ್ತಿದಳು. ಹಬೆ ಸಣ್ಣಗೆ ಮೇಲೆದ್ದಿತು. ಟವೆಲು ಆರಿದಾಗ ಬಿಚ್ಚಿ, ಮತ್ತೆ ನೆನೆಸಿ, ಹಿಂಡಿ, ಎಡಗೈಗೆ ಸುತ್ತಿದಳು.