ಹಳದಿ ಗಾಡಿ ಮಾತ್ರ ಬೇಡ

ನಮ್ಮ ಯಜಮಾನರು ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳಲು ನನಗೆ ಮನಸ್ಸು ಬರಲಿಕ್ಕಿಲ್ಲ. ಅವರಿಗಿರುವುದು ಒಂದೇ ಕಾಯಿಲೆ. ಕೆಲಸಗಾರನಿಗೆ ಏನಾದರೂ ಇಷ್ಟವಾಯಿತೆಂದರೆ ಅದರಲ್ಲಿ ತಮಗೇನೋ ನಷ್ಟವಿದೆ ಎಂದು ಅವರು ನಂಬಿದ್ದಾರೆ. ಗೋದಾಮಿನ ಲೋಡಿಂಗ್ ಬಾಗಿಲ ಬಳಿ ಒಂದು ಫ್ಯಾನು ಹಾಕಿಸಿ ಎಂದು ಹಮಾಲರು ಕೈಮುಗಿದು ಕೇಳಿದಾಗ, "ಓಹೋ, ಅದರ ಕೆಳಗೆ ಕಾಲು ಚಾಚಿ ಕೂರೋಕಾ?" ಎಂದರು. ಫ್ಯಾನು ಬಂತು, ಸೋಪಿನ ಪೆಟ್ಟಿಗೆಗಳ ನೆತ್ತಿಯ ಮೇಲೆ ತೂಗಿತು. ಸೋಪು ಇವತ್ತಿಗೂ ತಂಪಾಗಿದೆ.

ಇಂಥವರ ಕೈಕೆಳಗೆ ಇಪ್ಪತ್ತೆರಡು ವರ್ಷ ದುಡಿದ ಮೇಲೆ ನಾವೂ ಮಂಕುದಿಣ್ಣೆಗಳಾಗಿ ಉಳಿಯಲಿಲ್ಲ. ಬೇಕಾದದ್ದನ್ನು ಬೇಡ ಎನ್ನಲು ಕಲಿತೆವು. ಈ ವಿದ್ಯೆಯಲ್ಲಿ ನಮಗೆಲ್ಲ ಗುರುವೆಂದರೆ ಪ್ಯಾಕಿಂಗ್ ಮೇಜಿನ ಅಕ್ಕ. ಒರಗಲು ಏನೂ ಇಲ್ಲದ ಸ್ಟೂಲಿನ ಮೇಲೆ ಕೂತು ಕೂತು ಸಾಕಾಗಿ ಅವಳು ಒಂದು ದಿನ ಯಜಮಾನರ ಎದುರು ನಿಂತು, "ಏನು ಬೇಕಾದ್ರೂ ಮಾಡಿ ಯಜಮಾನರೇ, ಆ ಒರಗೋ ಕುರ್ಚಿ ಮಾತ್ರ ತರಿಸ್ಬೇಡಿ. ಒಂದು ಸಲ ಕೂತ್ರೆ ಊಟದ ಹೊತ್ತಿನವರೆಗೂ ಎದ್ದು ಓಡಾಡೋಕೆ ನೆಪಾನೇ ಸಿಗಲ್ಲ" ಎಂದಳು. ಹದಿನೈದು ದಿನದೊಳಗೆ ಆರು ಒರಗುಕುರ್ಚಿ ಬಂದಿಳಿದವು. ಅಕ್ಕ ಎರಡು ದಿನ ಮುಖ ಊದಿಸಿಕೊಂಡೇ ಒಂದರಲ್ಲಿ ಕೂತಳು. ಅಷ್ಟು ಅಚ್ಚುಕಟ್ಟು ಅವಳ ಕೆಲಸ.

ನಾನು ಫೋರ್ಕ್‌ಲಿಫ್ಟ್ ಓಡಿಸುವವನು. ಮುಂದೆ ಎರಡು ಕಬ್ಬಿಣದ ತೋಳು ಚಾಚಿಕೊಂಡು, ಸರಕು ಪೇರಿಸಿದ ಮರದ ಪ್ಯಾಲೆಟ್ಟುಗಳನ್ನು ಎತ್ತಿ ರ‍್ಯಾಕಿನ ಮೇಲಿಡುತ್ತದಲ್ಲ, ಆ ಗಾಡಿ. ನಮ್ಮ ಹಳೆಯ ಡೀಸೆಲ್ ಗಾಡಿಯನ್ನು ಎಲ್ಲರೂ 'ತಾತ' ಎನ್ನುತ್ತಿದ್ದೆವು. ತಾತ ಕೆಮ್ಮುತ್ತಿದ್ದ, ಹೊಗೆ ಬಿಡುತ್ತಿದ್ದ, ನೆಲದ ಒಂದೊಂದು ಬಿರುಕನ್ನೂ ತಪ್ಪದೆ ನನ್ನ ಸೊಂಟಕ್ಕೆ ತಲುಪಿಸುತ್ತಿದ್ದ. ಒಳ ಶೆಡ್ಡಿಗೂ ಹೊರ ಶೆಡ್ಡಿಗೂ ನಡುವೆ ನೆಲದಲ್ಲಿ ಒಂದು ಕಬ್ಬಿಣದ ಪಟ್ಟಿ ಎದ್ದುಕೊಂಡಿದೆ. ಅದನ್ನು ದಿನಕ್ಕೆ ನೂರು ಸಲವಾದರೂ ದಾಟಬೇಕು. ಮೂಳೆ ಡಾಕ್ಟರು ನನ್ನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಇದು ನಲವತ್ತೇಳರ ಬೆನ್ನಾ?" ಎಂದು ನನ್ನನ್ನೇ ಕೇಳಿದರು. ಇನ್ನೆರಡು ವರ್ಷ ಇದೇ ಕುಲುಕಾಟ ನಡೆದರೆ ಆಪರೇಷನ್ನೇ ಗತಿ, ಆಮೇಲೆ ಗಾಡಿ ಹತ್ತುವ ಆಸೆ ಬಿಡಬೇಕು ಎಂದರು. ನನಗೆ ಬೇರೆ ಕೆಲಸ ಬರುವುದಿಲ್ಲ. ಬೆಳಿಗ್ಗೆ ಮಂಚದಿಂದ ಏಳಲು ಆಗಲೇ ಹೆಂಡತಿ ಕೈ ಕೊಡಬೇಕಾಗಿತ್ತು.

ಹೀಗಿರುವಾಗ, ತಾತನನ್ನು ಕಳಿಸಿ ಬ್ಯಾಟರಿ ಗಾಡಿ ತರುತ್ತಾರೆ ಎಂಬ ಸುದ್ದಿ ಹಬ್ಬಿತು. ನಮ್ಮ ಮೇಲಿನ ಕನಿಕರದಿಂದಲ್ಲ. ಬಿಸ್ಕತ್ತಿಗೆ ಡೀಸೆಲ್ ಹೊಗೆಯ ವಾಸನೆ ಹತ್ತಿದೆ ಎಂದು ಗಿರಾಕಿಯೊಬ್ಬರು ಒಂದಿಡೀ ಲೋಡು ವಾಪಸ್ ಕಳಿಸಿದ್ದರು. ಅದೇ ಹೊಗೆಯನ್ನು ಇಪ್ಪತ್ತೆರಡು ವರ್ಷ ಕುಡಿದ ನನ್ನನ್ನು ಯಾರೂ ವಾಪಸ್ ಕಳಿಸಿರಲಿಲ್ಲ.

ಮೂರು ಮೂರು ದಿನ ಓಡಿಸಿ ನೋಡಲು ಎರಡು ಗಾಡಿ ತರಿಸಿದರು. ಎರಡೂ ಬ್ಯಾಟರಿಯವೇ, ಎತ್ತುವ ತೂಕ ಒಂದೇ, ಬೆಲೆಯೂ ಹೆಚ್ಚುಕಡಿಮೆ ಒಂದೇ. ಮೊದಲು ಬಂದದ್ದು ಹಸಿರು ಗಾಡಿ. ಅದರ ಸೀಟೆಂದರೆ ರೆಕ್ಸಿನ್ ಹೊದಿಸಿದ ಹಲಗೆ. ಬ್ರೇಕು ಒತ್ತಿದರೆ ಹಣೆ ಮುಂದಿನ ಕಂಬಿಗೆ ಮುತ್ತಿಡಲು ಹೋಗುತ್ತಿತ್ತು. ಕಬ್ಬಿಣದ ಪಟ್ಟಿ ದಾಟಿದಾಗ ಏಟು ಬಾಲಮೂಳೆಯಿಂದ ಹೊರಟು ಕುತ್ತಿಗೆಯಲ್ಲಿ ಇಳಿಯುತ್ತಿತ್ತು. ಎಂಜಿನ್ನಿನ ಸದ್ದು ಇರಲಿಲ್ಲ ನಿಜ. ಹಾಗಾಗಿ ನಾನು "ಅಯ್ಯಮ್ಮಾ" ಎನ್ನುವುದು ಈಗ ಎಲ್ಲರಿಗೂ ಚೆನ್ನಾಗಿ ಕೇಳಿಸುತ್ತಿತ್ತು.

ಆಮೇಲೆ ಹಳದಿ ಗಾಡಿ ಬಂತು. ಸೀಟಿನ ಮೇಲೆ ಕೂತರೆ ಅದು ನನ್ನ ಭಾರ ನೋಡಿಕೊಂಡು ಮೆಲ್ಲಗೆ ತಗ್ಗಿತು. ಪಟ್ಟಿ ಹತ್ತಿರ ಬಂದಾಗ ಅಭ್ಯಾಸಬಲದಿಂದ ಹಲ್ಲು ಕಚ್ಚಿದೆ. ಏನೂ ಆಗಲಿಲ್ಲ. ದಾಟಿದೆನೋ ಇಲ್ಲವೋ ಎಂದು ಹಿಂತಿರುಗಿ ನೋಡಿದೆ, ದಾಟಿದ್ದೆ. ಹಿಂದಕ್ಕೆ ಬಂದು ಇನ್ನೊಮ್ಮೆ ದಾಟಿದೆ. ಆ ದಿನ ಮನೆಗೆ ಹೋದಾಗ ಹೆಂಡತಿ ಬಾಗಿಲಲ್ಲೇ ನಿಂತು, "ರೀ, ಇವತ್ತು ನೀವೇ ಬಗ್ಗಿ ಬೂಟು ಬಿಚ್ಚಿದ್ರಲ್ಲ!" ಎಂದಳು. ನನಗೆ ಆ ಗಾಡಿ ಬೇಕಿತ್ತು. ಮಕ್ಕಳು ಆಟದ ಸಾಮಾನಿಗೆ ಆಸೆಪಡುವ ಹಾಗೆ ನಾನು ಅದಕ್ಕೆ ಆಸೆಪಟ್ಟೆ.

ಆರಿಸುವ ಹೊಣೆ ಯಜಮಾನರ ಅಳಿಯಂದಿರದು. ಇರುವವರು ಒಬ್ಬರೇ, ಬಹುವಚನ ಮರ್ಯಾದೆಗೆ. ಅವರು ಮೂವತ್ತೇಳು ಅಂಶಗಳ ಒಂದು ಪಟ್ಟಿ ಮಾಡಿದ್ದರು. ಅದರಲ್ಲಿ ಬಣ್ಣ ಇತ್ತು, ಹಾರ್ನಿನ ದನಿ ಇತ್ತು, ನೀರಿನ ಬಾಟಲಿ ಇಡುವ ಜಾಗವೂ ಇತ್ತು. ಕೂರುವವನ ಬೆನ್ನು ಇರಲಿಲ್ಲ. ಎರಡೂ ಗಾಡಿಗೆ ಸಮಸಮ ಅಂಕ ಬಂದು ಅಳಿಯಂದಿರು ತಲೆ ಕೆರೆದುಕೊಳ್ಳುತ್ತಿದ್ದರು. ಕೊನೆಗೆ ಓಡಿಸುವವನನ್ನೇ ಕೇಳುತ್ತಾರಂತೆ ಎಂದು ತಿಳಿದಾಗ ನಾನು ಅಕ್ಕನ ಬಳಿ ಓಡಿದೆ.

"ಹಳದಿ ಬೇಕಾ? ಹಾಗಾದ್ರೆ ಹಳದೀನ ಬಾಯಿ ತುಂಬಾ ಬೈ" ಎಂದಳು ಅಕ್ಕ, ಟೇಪು ಹರಿಯುತ್ತ. "ಹಸಿರು ಬಂದ್ರೆ ನಮಗೆ ಹಾಯಾಗಿರುತ್ತೆ ಅನ್ನು. ಆದ್ರೆ ತೀರಾ ಹೊಗಳ್ಬೇಡ ಕಣೋ ತಮ್ಮಾ. ಆಸೆ ಮುಖದಲ್ಲಿ ಕಾಣ್ಬೇಕು, ಬಾಯಲ್ಲಲ್ಲ."

"ನೆಟ್ಟಗೆ ಬೆನ್ನು ನೋವು ಅಂತ ಹೇಳ್ಬಾರದಾ?" ಎಂದು ಹೆಂಡತಿ ಮನೆಯಲ್ಲಿ ಕೇಳಿದಳು. ಪಾಪ, ಅವಳು ನಮ್ಮ ಗೋದಾಮಿನಲ್ಲಿ ಒಂದು ದಿನವೂ ಕೆಲಸ ಮಾಡಿದವಳಲ್ಲ.

"ಹೇಳಿದ್ರೆ ಹಳದಿ ಹಾಳಾಗ್ಲಿ, ತಾತನನ್ನೇ ಇನ್ನೂ ಹತ್ತು ವರ್ಷ ಇಟ್ಕೋತಾರೆ" ಎಂದೆ.

ಮಾರನೆಯ ದಿನ ಕರೆ ಬಂತು. ಯಜಮಾನರು ನನ್ನನ್ನು ಕುರ್ಚಿಯ ಮೇಲೆ ಕೂರಿಸಿದರು. ಆ ಕೋಣೆಯಲ್ಲಿ ನಾನು ಕೂತದ್ದು ಅದೇ ಮೊದಲು. ಅನುಮಾನ ಬರಬೇಕಿತ್ತು, ಬರಲಿಲ್ಲ. ಹಿಂದಿನ ವಾರ ಅಳಿಯಂದಿರು ಮಾವನನ್ನು ಎರಡು ದಿನ ಯಾವುದೋ ತರಬೇತಿಗೆ ಕರೆದುಕೊಂಡು ಹೋಗಿದ್ದರು. ಅದರಿಂದ ನಮಗಾದ ಲಾಭ ಎರಡು ದಿನದ ನೆಮ್ಮದಿ ಎಂದಷ್ಟೇ ನಾವು ತಿಳಿದಿದ್ದೆವು.

"ಓಡಿಸೋನು ನೀನು. ನೀನೇ ಹೇಳಪ್ಪಾ" ಎಂದರು ಯಜಮಾನರು.

"ಹಳದಿ ಗಾಡಿ ಮಾತ್ರ ಬೇಡ ಯಜಮಾನರೇ" ಎಂದು ನಾನು ಕಲಿತ ಪಾಠ ಒಪ್ಪಿಸಿದೆ. "ಆ ಸೀಟು ಮೆತ್ತಗೆ, ಮೈ ಜೋಮು ಹಿಡಿಯುತ್ತೆ. ಹಸಿರಾದ್ರೆ ಗಟ್ಟಿ. ಹಸಿರು ಬಂದ್ರೆ ನಮಗೂ ಒಂಚೂರು ಹಾಯಾಗಿರುತ್ತೆ." ಹೇಳುತ್ತ ಮುಖದಲ್ಲಿ ಆಸೆ ತಂದುಕೊಂಡೆ. ತರುವುದು ಕಷ್ಟವಾಗಲಿಲ್ಲ, ಹಳದಿಯನ್ನು ನೆನೆಸಿಕೊಂಡೆ.

ಅವರು ನನ್ನ ಒಂದೊಂದು ಮಾತನ್ನೂ ಪುಸ್ತಕದಲ್ಲಿ ಬರೆದುಕೊಂಡರು. ಹೊಡೆದುಹಾಕಲೆಂದೇ ಬರೆಯುತ್ತಿದ್ದಾರೆ ಎಂದು ನಾನು ಒಳಗೊಳಗೇ ಹಿಗ್ಗಿದೆ. ಹೊರಗೆ ಬಂದು ಅಕ್ಕನಿಗೆ ಕಣ್ಣು ಹೊಡೆದೆ.

ಮರುದಿನ ಬೆಳಿಗ್ಗೆ ಎಲ್ಲರನ್ನೂ ಲೋಡಿಂಗ್ ಬಾಗಿಲ ಬಳಿ ಸೇರಿಸಿದರು. ಯಜಮಾನರು ಒಂದು ಪ್ಯಾಲೆಟ್ಟಿನ ಮೇಲೆ ಹತ್ತಿ ನಿಂತರು.

"ತರಬೇತೀಲಿ ನಮಗೆ ಕಣ್ಣು ಮುಚ್ಚಿಸಿದ್ರು" ಎಂದು ಶುರುಮಾಡಿದರು. "ಯಾರ ಮಾತನ್ನ ನೀವು ಒಂದು ದಿನಾನೂ ಕೇಳಿಲ್ವೋ ಅವರ ಮುಖ ನೆನೆಸ್ಕೊಳ್ಳಿ ಅಂದ್ರು. ನನಗೆ ಇವನ ಮುಖ ಬಂತು." ಬೆರಳು ನನ್ನ ಕಡೆ ತಿರುಗಿತು. "ಇಪ್ಪತ್ತೆರಡು ವರ್ಷ ಇವನು ಕೇಳಿದ್ದಕ್ಕೆಲ್ಲ ನಾನು ಉಲ್ಟಾ ಮಾಡ್ದೆ. ಈ ಸಲ ಇವನು ಏನು ಕೇಳಿದ್ನೋ ಅದೇ. ಹಸಿರು ಗಾಡಿ!"

ಚಪ್ಪಾಳೆ ಬಿತ್ತು. ಅಳಿಯಂದಿರು ಫೋಟೋ ತೆಗೆದರು. ಅಕ್ಕ ಸಾವಿನ ಮನೆಗೆ ಬಂದವಳಂತೆ ನನ್ನನ್ನೇ ನೋಡುತ್ತ ಚಪ್ಪಾಳೆ ತಟ್ಟಿದಳು. ಜಗತ್ತಿನಲ್ಲಿ ಒಳ್ಳೆಯ ಬುದ್ಧಿ ಬರಲು ಈ ಮನುಷ್ಯನಿಗೆ ಬೇರೆ ವಾರವೇ ಸಿಗಲಿಲ್ಲವೇ?

ಆರ್ಡರಿಗೆ ಇನ್ನೂ ಸಹಿ ಆಗಿರಲಿಲ್ಲ. ಹೆದರಿಕೆಯನ್ನೆಲ್ಲ ನುಂಗಿಕೊಂಡು ಕೋಣೆಗೆ ನುಗ್ಗಿದೆ. ಯಜಮಾನರ ಕೈಯಲ್ಲಿ ಪೆನ್ನು, ಪಕ್ಕದಲ್ಲಿ ಅಳಿಯಂದಿರು. ನಿಂತುಕೊಂಡೇ ಎಲ್ಲ ಹೇಳಿಬಿಟ್ಟೆ: ಬೆನ್ನು, ಡಾಕ್ಟರ ಮಾತು, ಹಳದಿ ಗಾಡಿಯ ಸೀಟು.

"ಹಾಗಾದ್ರೆ ನಿನ್ನೆ ಹೇಳಿದ್ದು ಸುಳ್ಳಾ?"

"ಹೌದು ಯಜಮಾನರೇ."

"ಯಾಕೋ? ನಾನು ಕೂರಿಸಿ ಕೇಳಿದ್ನಲ್ಲೋ!"

"ನೀವು ಯಾವಾಗ್ಲೂ ನಾವು ಹೇಳಿದ್ದಕ್ಕೆ ಉಲ್ಟಾ ಮಾಡ್ತೀರಲ್ಲ, ಅದಕ್ಕೆ..."

ಅವರ ಮುಖ ಬಾಡಿತು. ನಿಜವಾಗಿಯೂ ನೊಂದುಕೊಂಡರು, ನನಗೂ ಸಂಕಟವಾಯಿತು. ಪೆನ್ನಿನ ಮುಚ್ಚಳ ಹಾಕಿ ಕಾಗದದ ಮೇಲಿಟ್ಟರು. ಆಮೇಲೆ ಮೆಲ್ಲಗೆ ತಲೆಯೆತ್ತಿದಾಗ, ಆ ಕಣ್ಣಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಬಲ್ಲ ಆ ಹಳೆಯ ಮಿಂಚು ಕಂಡಿತು.

"ಅಂದ್ರೆ, ನಿನಗೀಗ ಹಳದಿ ಬೇಕು."

"ಹೌದು ಯಜಮಾನರೇ."

"ತುಂಬಾನೇ ಬೇಕು. ಸುಳ್ಳು ಹೇಳೋವಷ್ಟು, ಆಮೇಲೆ ಬಂದು ಒಪ್ಪಿಕೊಳ್ಳೋವಷ್ಟು ಬೇಕು."

"ಬೆನ್ನು, ಯಜಮಾನರೇ..."

"ಇಷ್ಟು ಬೇಕು ಅಂದ್ರೆ ಅದರಲ್ಲಿ ಏನೋ ಇದೆ" ಎಂದು ಅವರು ಹಸಿರು ಗಾಡಿಯ ಕಾಗದಕ್ಕೆ ಸಹಿ ಹಾಕಿದರು.

"ಮಾವಾ, ಕೆಲಸಗಾರರ ಮಾತು ಕೇಳ್ಬೇಕು ಅಂತ ತರಬೇತೀಲಿ..." ಎಂದು ಅಳಿಯಂದಿರು ರಾಗ ಎಳೆದರು.

"ಕೇಳಿದ್ದೀನಲ್ಲಪ್ಪಾ! ಮೊದಲು ಹೇಳಿದ್ದನ್ನೇ ಕೇಳಿದ್ದೀನಿ. ಬೇಕಾದ್ರೆ ಪುಸ್ತಕ ನೋಡು."

ನಾನು ಮೊದಲ ದಿನವೇ ನಿಜ ಹೇಳಿದ್ದರೆ ಹಳದಿ ಗಾಡಿ ನನ್ನದಾಗುತ್ತಿತ್ತು. ಇದು ನನಗೆ ಗೊತ್ತು, ಹೆಂಡತಿಗೂ ಗೊತ್ತು. ಅವಳು ಬಾಯಿ ಬಿಟ್ಟು ಅನ್ನುವುದಿಲ್ಲ, ಅಷ್ಟೇ. ಆದರೆ ನನ್ನ ಬಾಯಿಂದ ನಿಜ ಬಾರದ ಹಾಗೆ ಮಾಡಿದವರು ಯಾರು ಎಂದು ಆ ತರಬೇತಿಯಲ್ಲಿ ಯಾರೂ ಕಣ್ಣು ಮುಚ್ಚಿಸಿ ಕೇಳಲಿಲ್ಲವಂತೆ. ನನ್ನ ಹೊಟ್ಟೆ ಉರಿಯುವುದು ಅದಕ್ಕೆ.

ಇಪ್ಪತ್ತು ದಿನಕ್ಕೆ ಹಸಿರು ಗಾಡಿ ಬಂತು. ಅದರ ಹಣೆಯ ಮೇಲೆ 'ನಮ್ಮ ಚಾಲಕರೇ ಆರಿಸಿದ ಗಾಡಿ' ಎಂದು ಅಳಿಯಂದಿರು ಸ್ಟಿಕ್ಕರು ಅಂಟಿಸಿದ್ದರು. ಎಲ್ಲರೂ ಸುತ್ತ ನಿಂತು ನೋಡುತ್ತಿರುವಾಗ ಮೊದಲ ಪ್ಯಾಲೆಟ್ಟು ಎತ್ತಿಕೊಂಡು ಹೊರಟೆ. ಪಟ್ಟಿಯ ಮೇಲೆ ಹತ್ತಿಳಿದಾಗ ಸೊಂಟದಿಂದ ಮೊಣಕಾಲಿನವರೆಗೆ ಬೆಂಕಿ ಹರಿದಂತಾಯಿತು. ಗಾಡಿ ನಿಲ್ಲಿಸಿದೆ. ಬೇಡವೆಂದರೂ ಕಣ್ಣಲ್ಲಿ ನೀರು ತುಂಬಿ ಕೆನ್ನೆಗಿಳಿಯಿತು.

ಯಜಮಾನರು ಹತ್ತಿರ ಬಂದು ನನ್ನ ಮುಖವನ್ನೇ ನೋಡಿದರು.

"ನೋಡಪ್ಪಾ, ಅಳ್ತಿದ್ದಾನೆ" ಎಂದು ಅಳಿಯಂದಿರನ್ನು ಕರೆದು ತೋರಿಸಿದರು. ಅವರ ಕಣ್ಣೂ ಒದ್ದೆಯಾಗಿತ್ತು. "ಬಾಯಿ ಸುಳ್ಳು ಹೇಳಬಹುದು, ಈ ಕಣ್ಣೀರು ಸುಳ್ಳು ಹೇಳುತ್ತಾ? ಇವನಿಗೆ ಇಷ್ಟು ಹಿಡಿಸಿದೆ ಅಂದ್ಮೇಲೆ, ಒಳಗಿನ ಶೆಡ್ಡಿಗೂ ಇಂಥದ್ದೇ ಇನ್ನೊಂದು ಗಾಡಿಗೆ ಆರ್ಡರ್ ಹೇಳ್ಬಿಡು."