ಇಪ್ಪತ್ತೆರಡು ಮೆಟ್ಟಿಲಿನ ಕೋಟೆ

ಚಿತ್ರಗಳಿಗೆ ಕಟ್ಟು ಹಾಕುವುದು ನನ್ನ ಕೆಲಸ. ಮೂವತ್ತೆರಡು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ. ಯಾರ ಮದುವೆಯ ಫೋಟೋ, ಯಾರ ಸರ್ಟಿಫಿಕೇಟು, ಎಲ್ಲಿಯ ಬೆಟ್ಟ ಎಂಬುದೆಲ್ಲ ನನಗೆ ಸಂಬಂಧವಿಲ್ಲ. ನನಗೆ ಕಾಣುವುದು ಉದ್ದ ಮತ್ತು ಅಗಲ, ಅಷ್ಟೆ. ಚಿತ್ರ ದೊಡ್ಡದಾಗಿ ಫ್ರೇಮು ಚಿಕ್ಕದಾದರೆ ಸ್ಕೇಲು ಇಟ್ಟು ಬ್ಲೇಡು ಎಳೆಯುತ್ತೇನೆ, ಕಥೆ ಮುಗಿಯಿತು. ಚಿಕ್ಕಂದಿನಲ್ಲಿ ಅಪ್ಪ ಓದುವುದಕ್ಕೆ ಮೊದಲೇ ಪೇಪರನ್ನು ಕತ್ತರಿಸಿ ಇಡುತ್ತಿದ್ದೆನಂತೆ. ಅದಕ್ಕೆ ನಮ್ಮಕ್ಕ ನನಗೆ ಕತ್ತರಿ ಎಂದು ಹೆಸರಿಟ್ಟಳು. ಈಗ ನನಗೆ ಐವತ್ತೆಂಟು. ಈಗಲೂ ಹಾಗೇ ಕರೆಯುತ್ತಾಳೆ, ಅದೂ ಗಿರಾಕಿಗಳ ಎದುರಿಗೆ.

ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತಳಾದವಳು. ಮದುವೆಯಾಗಲಿಲ್ಲ, ನಮ್ಮ ಜೊತೆಯೇ ಇದ್ದಾಳೆ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಹನ್ನೊಂದು ಮೆಟ್ಟಿಲು. ಒಂದೂವರೆ ವರ್ಷದ ಹಿಂದೆ ಫ್ಯಾನಿನ ಧೂಳು ಒರೆಸಲು ಸ್ಟೂಲು ಹತ್ತಿ, ಬಿದ್ದು, ಸೊಂಟದ ಮೂಳೆ ಮುರಿದುಕೊಂಡಳು. "ನನಗೆ ಹೇಳಿದ್ರೆ ನಾನು ಒರೆಸ್ತಿರಲಿಲ್ವಾ?" ಎಂದೆ. "ನೀನು ಒರೆಸೋ ಚೆಂದ ನೋಡಿಯೇ ನಾನು ಹತ್ತಿದ್ದು" ಎಂದಳು. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಮನೆಗೆ ಬಂದವಳು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ವ್ಯಾಯಾಮ ಹೇಳಿಕೊಡಲು ಬರುತ್ತಿದ್ದ ಫಿಸಿಯೋ ದಿನಾ "ಕಾಲೆತ್ತಿ ಅಮ್ಮಾ, ಕಾಲೆತ್ತಿ" ಎಂದು ಗೋಗರೆಯುತ್ತಿದ್ದಳು. ಅಕ್ಕ ಅವಳಿಗೆ ಕಾಲೆತ್ತಮ್ಮ ಎಂದು ಹೆಸರಿಟ್ಟಳೇ ಹೊರತು ಕಾಲು ಎತ್ತಲಿಲ್ಲ. ನಡೆದು ಯಾವ ರಾಜ್ಯ ಗೆಲ್ಲಬೇಕು ಎನ್ನುತ್ತಿದ್ದಳು.

ಅವಳ ಮುಖ ಈ ಕಡೆ ತಿರುಗಲಿ ಎಂದು ಎದುರುಗೋಡೆಗೆ ಒಂದು ಚಿತ್ರ ಹಾಕಿದೆ. ಸಗಟು ಅಂಗಡಿಯಿಂದ ತಂದ ಚಿತ್ರಗಳ ಕಂತೆಯಲ್ಲಿ ಬಂದದ್ದು, ಯಾರೋ ಕೈಯಲ್ಲಿ ಬರೆದ ಬಣ್ಣದ ಚಿತ್ರದ ಅಚ್ಚು. ಬಂಡೆಯ ಮೇಲೊಂದು ಕೋಟೆ, ಹಿಂದೆ ಬೋಳು ಗುಡ್ಡಗಳು, ಕೋಟೆಯ ಬಾಗಿಲಿಗೆ ಹತ್ತಿಹೋಗುವ ಕಲ್ಲಿನ ಮೆಟ್ಟಿಲು. ಗಿರಾಕಿಯೊಬ್ಬ ಹೇಳಿ ಮಾಡಿಸಿ ಬಿಟ್ಟುಹೋಗಿದ್ದ ಫ್ರೇಮು ಅಂಗಡಿಯಲ್ಲೇ ಬಿದ್ದಿತ್ತು. ಅದರ ಅಳತೆಗೆ ಚಿತ್ರವನ್ನು ಕತ್ತರಿಸಿ ಕೂರಿಸಿದೆ.

ಮೂರನೇ ದಿನ ಅಕ್ಕ ಕೇಳಿದಳು: "ಕತ್ತರೀ, ಆ ಕೋಟೆಗೆ ಎಷ್ಟು ಮೆಟ್ಟಿಲು ಗೊತ್ತೇನೋ?"

"ಯಾರು ಎಣಿಸಿದ್ದಾರೆ?"

"ನಾನು ಎಣಿಸಿದ್ದೀನಿ. ಇಪ್ಪತ್ತೆರಡು. ಯಾವ ಕೋಟೆ ಅದು?"

ಹೆಸರು ಚಿತ್ರದ ಕೆಳಗಿನ ಅಂಚಿನಲ್ಲಿ ಇದ್ದಿರಬೇಕು. ಆ ಅಂಚು ನನ್ನ ಬ್ಲೇಡಿಗೆ ಹೋಗಿತ್ತು. ತಿಂಗಳಾದ ಮೇಲೆ ಮೊದಲ ಸಲ ಅವಳು ಏನನ್ನೋ ಕೇಳುತ್ತಿದ್ದಾಳೆ, ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. "ಉತ್ತರದ ಕೋಟೆ ಅಂತಾರೆ. ಅದೇ, ಆ ಕೋಟೆಗಳ ದೇಶದಲ್ಲಿ" ಎಂದು ಬಾಯಿಗೆ ಬಂದದ್ದು ಹೇಳಿ ಕೆಳಗಿಳಿದುಬಿಟ್ಟೆ.

ಮಾರನೆಯ ದಿನ ಕಾಲೆತ್ತಮ್ಮ ಬಂದಾಗ ಅಕ್ಕ ಕಾಲೆತ್ತಿದಳು. "ಇಪ್ಪತ್ತೆರಡು ಮೆಟ್ಟಿಲು ಹತ್ತೋ ಹಾಗೆ ಮಾಡಿಕೊಡು, ಇನ್ನೇನೂ ಕೇಳಲ್ಲ" ಎಂದಳಂತೆ. ಐದು ತಿಂಗಳು ಕೋಲು ಹಿಡಿದು ವರಾಂಡದಲ್ಲಿ ನಡೆದಳು. ಆಮೇಲೆ ಮೆಟ್ಟಿಲಿಗೆ ಬಂದಳು. ಒಂದು ಸಲ ಹತ್ತಿದರೆ ಹನ್ನೊಂದು, ಇಳಿದು ಮತ್ತೆ ಹತ್ತಿದರೆ ಇಪ್ಪತ್ತೆರಡು. ಹತ್ತುವಾಗ ಗಟ್ಟಿಯಾಗಿ ಎಣಿಸುತ್ತಿದ್ದಳು, ಕೆಳಗೆ ಅಂಗಡಿಯಲ್ಲಿ ನನಗೂ ಗಿರಾಕಿಗಳಿಗೂ ಕೇಳುತ್ತಿತ್ತು. ಮೊದಲ ಸಲ ಇಪ್ಪತ್ತೆರಡು ಮುಟ್ಟಿದ ದಿನ ನಾನು ಗಾಜು ಕತ್ತರಿಸುತ್ತಿದ್ದವನು ಕೈಬಿಟ್ಟು ಕಣ್ಣು ಒರೆಸಿಕೊಂಡೆ. ಗಿರಾಕಿ ಗಾಜಿನ ಪುಡಿ ಹೋಯಿತಾ ಎಂದ. ಹೌದು ಎಂದೆ.

ಹೀಗೆ ಆ ಕೋಟೆಗೆ ಪ್ರವಾಸ ಹೋಗುವ ಮಾತು ಶುರುವಾಯಿತು. ಓಡಿಸುವವಳು ನನ್ನ ಹೆಂಡತಿ. ಅವಳು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವಳು. ಇಪ್ಪತ್ತು ವರ್ಷ ಪಕ್ಕದ ಸೀಟಿನಲ್ಲಿ ಕೂತು ಬೇರೆಯವರ ಬ್ರೇಕು ತಾನು ಒತ್ತಿ ಒತ್ತಿ, ಈಗ ಮನೆಯಲ್ಲಿ ನಾನು ಸ್ವಲ್ಪ ಜೋರಾಗಿ ಮಾತಾಡಿದರೂ ಅವಳ ಕಾಲು ನೆಲವನ್ನು ಒತ್ತುತ್ತದೆ. ನನಗೆ ಗಾಡಿ ಕಲಿಸಲು ಹೋಗಿ ಎರಡೇ ದಿನಕ್ಕೆ ಕೈಮುಗಿದಿದ್ದಳು.

ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ನಾನು ಹೇಳಿದ್ದ ಆ ಕೋಟೆಗಳ ದೇಶದ ದೊಡ್ಡ ನಕ್ಷೆ ಹರಡಿದಳು. ನಾಲ್ಕು ಮೂಲೆಗೆ ನಾಲ್ಕು ಲೋಟ ಇಟ್ಟಳು. ವಿಮಾನ ಇಳಿದು ಕಾರು ಬಾಡಿಗೆಗೆ ಹಿಡಿದು ಒಂಬತ್ತು ದಿನ ಸುತ್ತುವುದು. ಎಲ್ಲವನ್ನೂ ಪೆನ್ಸಿಲಿನಲ್ಲಿ ಬರೆದಿದ್ದಳು, ಮೇಲ್ಗಡೆ 'ಮೇ' ಎಂದು ತಿಂಗಳ ಹೆಸರು.

"ಇಲ್ಲಿಂದ ಮುಂದೆ ದಾರಿ ಸಣ್ಣದು ಅಕ್ಕಾ" ಎಂದು ಬೆರಳಿಟ್ಟು ತೋರಿಸಿದಳು. "ಒಂದೇ ಗಾಡಿ ಹೋಗುತ್ತೆ. ಎದುರಿಗೆ ಗಾಡಿ ಬಂದ್ರೆ ನಿಲ್ಲೋಕೆ ಅಲ್ಲಲ್ಲಿ ಜಾಗ ಮಾಡಿದ್ದಾರೆ. ದಾರಿಗೆ ಅಡ್ಡ ಕುರಿ ಮಲಗಿರುತ್ತಂತೆ."

"ಹಾರ್ನ್ ಹೊಡೆದ್ರೆ ಆಯ್ತು" ಎಂದೆ.

"ಅಲಾರಂ ಹೊಡೆದ್ರೆ ನೀವೇ ಏಳಲ್ಲ, ಹಾರ್ನಿಗೆ ಕುರಿ ಏಳುತ್ತಾ?"

ಅಕ್ಕ ನಕ್ಕಳು. ಕನ್ನಡಕ ಸರಿಮಾಡಿಕೊಂಡು ನಕ್ಷೆಯ ಮೇಲೆ ಬಗ್ಗಿದಳು. "ಸರೋವರ ನೋಡಿ, ಜಲಪಾತ ನೋಡಿ, ನಿಮಗೆ ಬೇಕಾದ ಇಪ್ಪತ್ತು ಕೋಟೆ ನೋಡಿ. ನಾನು ಕಾರಲ್ಲೇ ಕೂತಿರ್ತೀನಿ, ಬೇಜಾರಿಲ್ಲ. ನನಗೆ ಬೇಕಾಗಿರೋದು ಒಂದೇ ಕೋಟೆ. ಅದನ್ನ ನನ್ನ ಕಾಲಲ್ಲಿ ನಾನು ಹತ್ಬೇಕು. ಎಲ್ಲಿದೆ ಅಂತ ಗುರುತು ಹಾಕು ಕತ್ತರಿ."

ಪೆನ್ಸಿಲು ನನ್ನ ಕೈಗೆ ಬಂತು. ನಕ್ಷೆಯ ಉತ್ತರದ ತುದಿಯಲ್ಲಿ ನಲವತ್ತು ಕೋಟೆಗಳ ಚುಕ್ಕೆ ಇದ್ದವು. "ಅಂಗಡಿಯಲ್ಲಿ ವಿಳಾಸ ಬರೆದಿಟ್ಟಿದ್ದೀನಿ, ನೋಡಿ ಹೇಳ್ತೀನಿ" ಎಂದೆ. ಹೆಂಡತಿಯ ಕಾಲು ಮೇಜಿನ ಕೆಳಗೆ ನೆಲ ಒತ್ತಿತು.

ಮೆಟ್ಟಿಲಿಳಿಯುವಾಗಲೇ ಹಿಡಿದಳು. "ಯಾವ ವಿಳಾಸರೀ?"

ಹೇಳಿಬಿಟ್ಟೆ. ಬೈದಳು. ಬೈದು ಮುಗಿಸಿ ಫೋನಿನಲ್ಲಿ ಚಿತ್ರದ ಫೋಟೋ ಹಿಡಿದು ಹುಡುಕಿದಳು. ಫೋನು ಏಳು ಕೋಟೆ ತೋರಿಸಿತು, ಒಂದೂ ಅದಲ್ಲ. ಕೈಯಲ್ಲಿ ಬರೆದ ಚಿತ್ರ ಅದಕ್ಕೂ ಗೊತ್ತಾಗಲಿಲ್ಲ. ಸಗಟು ಅಂಗಡಿಯವನಿಗೆ ಕೇಳಿದರೆ "ಆ ಕಂತೆ ಯಾವ ಕಾಲದ್ದು ಸ್ವಾಮಿ" ಎಂದ. ಶುಕ್ರವಾರ ಟಿಕೆಟ್ ಮಾಡಿಸುವುದೆಂದು ಮಾತಾಗಿತ್ತು. ಅಕ್ಕ ದಿನಾ ಬೆಳಿಗ್ಗೆ ಮೆಟ್ಟಿಲು ಹತ್ತುತ್ತಲೇ ಇದ್ದಳು, ನನಗೆ ಒಂದೊಂದು ಎಣಿಕೆಯೂ ತಲೆಗೆ ಕುಟ್ಟಿದ ಹಾಗೆ ಕೇಳುತ್ತಿತ್ತು.

ಗುರುವಾರ ಒಂದು ಫ್ರೇಮಿನ ಗಾಜು ಕೂರಿಸುತ್ತಿದ್ದೆ. ಗಾಜು ಅಲುಗಿತು. ಅಭ್ಯಾಸಬಲದಿಂದ ಮೇಜಿನ ಮೇಲಿದ್ದ ಕತ್ತರಿಸಿದ ಕಾಗದದ ಪಟ್ಟಿಯೊಂದನ್ನು ಮಡಿಚಿ ಫ್ರೇಮಿನ ಸಂದಿಗೆ ತುರುಕಿದೆ. ತುರುಕಿದವನು ಹಾಗೇ ನಿಂತೆ. ಥತ್, ಇಷ್ಟು ದಿನ ನನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತು! ಕತ್ತರಿಸಿದ ಅಂಚನ್ನು ನಾನು ಜನ್ಮದಲ್ಲಿ ಬಿಸಾಡಿದವನಲ್ಲ. ಒಂದು ಚಿತ್ರದ ಅಂಚು ಮುಂದಿನ ಚಿತ್ರದ ಫ್ರೇಮಿನೊಳಗೆ ಹೋಗುತ್ತದೆ. ನನ್ನ ಅಂಗಡಿಯ ಅರ್ಧಕ್ಕರ್ಧ ಗಾಜು ನಿಂತಿರುವುದೇ ಹಾಗೆ.

ಅಳತೆ ಬರೆಯುವ ಪುಸ್ತಕ ತೆಗೆದೆ. ಅಕ್ಕನ ಕೋಟೆಯ ನಂತರ ಬರೆದಿದ್ದ ಕೆಲಸ ಬೀದಿಯ ಕೊನೆಯ ಹಲ್ಲಿನ ಡಾಕ್ಟರ ಸರ್ಟಿಫಿಕೇಟು. ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಓಡಿದೆ.

ಡಾಕ್ಟರು ಒಬ್ಬರ ಬಾಯೊಳಗೆ ಕೈ ಹಾಕಿದ್ದರು. ನಾನು ಗೋಡೆಯಿಂದ ಸರ್ಟಿಫಿಕೇಟು ಇಳಿಸುವುದನ್ನು ನೋಡಿ, "ಏನ್ರೀ, ಏನಾಯ್ತು ಅದಕ್ಕೆ?" ಎಂದರು.

"ಗಾಜು ಅಲುಗಾಡ್ತಿದೆ ಅನ್ನಿಸ್ತು ಡಾಕ್ಟ್ರೇ."

"ನೀವೇ ಹಾಕಿದ್ದಲ್ವಾ?"

"ಅದಕ್ಕೇ ನಾನೇ ಬಂದೆ."

ಹಿಂದಿನ ರಟ್ಟು ಬಿಚ್ಚಿದೆ. ಸಂದಿಯಲ್ಲಿ ಆ ಪಟ್ಟಿ ಮೂರು ಮಡಿಕೆಯಾಗಿ ಅಡಗಿತ್ತು. ಬಾಯಿ ತೆರೆದುಕೊಂಡೇ ಕೂತಿದ್ದ ರೋಗಿಯೂ ಕಣ್ಣು ಹೊರಳಿಸಿ ನೋಡಿದ. ಬೇರೆ ರಟ್ಟಿನ ಚೂರು ಇಟ್ಟು ಸರ್ಟಿಫಿಕೇಟನ್ನು ಭದ್ರಮಾಡಿ, ಪಟ್ಟಿಯನ್ನು ಜೇಬಿಗೆ ಸೇರಿಸಿಕೊಂಡು ಅಂಗಡಿಗೆ ಬಂದೆ.

ಮೇಜಿನ ಮೇಲೆ ಬಿಡಿಸಿದೆ. ಅಂಗೈಯಗಲದ ಪಟ್ಟಿ. ಕೆಳಗೆ ಹೆಸರು ಇತ್ತು, ನಾಲಿಗೆ ಮೂರು ಸಲ ಎಡವುವಂಥ ಹೆಸರು, ಪಕ್ಕದಲ್ಲಿ ಊರು. ಬಾಯಿಗೆ ಬಂದದ್ದು ಹೇಳಿದ್ದರೂ ಪುಣ್ಯಕ್ಕೆ ದೇಶ ಮಾತ್ರ ಅದೇ ಆಗಿತ್ತು. ಖುಷಿಯಲ್ಲಿ ಮೇಜು ಕುಟ್ಟಿದೆ. ಆಮೇಲೆ ಹೆಸರಿನ ಮೇಲಿದ್ದದ್ದನ್ನು ನೋಡಿದೆ. ಅದು ಬಿಳಿ ಅಂಚಲ್ಲ, ಚಿತ್ರ. ಫ್ರೇಮು ಗಿಡ್ಡವಾಯಿತೆಂದು ಅಂದು ಚಿತ್ರದ ಬುಡವನ್ನೇ ಕತ್ತರಿಸಿದ್ದೆ. ಬುಡದಲ್ಲಿ ಬಂಡೆ ಇತ್ತು, ಬಂಡೆಯ ಮೇಲೆ ನಾಲ್ಕು ತಿರುವು ತೆಗೆದು ನೀರಿನ ತನಕ ಇಳಿಯುವ ಮೆಟ್ಟಿಲುಗಳಿದ್ದವು. ಬೆರಳಿಟ್ಟು ಎಣಿಸಿದೆ. ನಲವತ್ತೊಂದು. ಅಕ್ಕನ ಇಪ್ಪತ್ತೆರಡು ಮೆಟ್ಟಿಲು ಕೋಟೆಯವಲ್ಲ, ನನ್ನ ಬ್ಲೇಡು ಉಳಿಸಿದವು.

ನಿಜ ಹೇಳುತ್ತೇನೆ, ಸ್ಕೇಲು ಇಟ್ಟೆ. ಮೆಟ್ಟಿಲನ್ನೆಲ್ಲ ಕತ್ತರಿಸಿ ಹೆಸರಿನ ಸಾಲು ಮಾತ್ರ ಉಳಿಸಿಕೊಂಡರೆ ಆಯಿತು, ಇದೋ ನಿನ್ನ ಕೋಟೆ ಎಂದು ಕೊಡಬಹುದು, ಮುಂದಿನದು ಮುಂದೆ. ಬ್ಲೇಡೂ ಕೈಯಲ್ಲಿತ್ತು. ಆದರೆ ಅಲ್ಲಿ ಕಾರಿನಿಂದಿಳಿದು ಕೋಲೂರಿ ತಲೆಯೆತ್ತಿ ನೋಡುವ ಅಕ್ಕನ ಮುಖ ಕಣ್ಣಿಗೆ ಕಟ್ಟಿತು. ಆ ಬಂಡೆಗೆ ನನ್ನ ಬ್ಲೇಡು ನಾಟುವುದಿಲ್ಲ. ಒಂದು ಸುಳ್ಳಿಗೇ ಬೀದಿಯ ತುದಿಗೆ ಓಡಿ ಬಂದಾಗಿತ್ತು. ಬ್ಲೇಡು ಕೆಳಗಿಟ್ಟೆ.

ಮೇಲೆ ಹೋದಾಗ ಇಬ್ಬರೂ ನಕ್ಷೆಯ ಮುಂದೆ ಕೂತಿದ್ದರು. ಪಟ್ಟಿಯನ್ನು ಅಕ್ಕನ ಮುಂದಿಟ್ಟು ಎಲ್ಲವನ್ನೂ ಹೇಳಿದೆ. ಉತ್ತರದ ಕೋಟೆ ಎಂದದ್ದು ಸುಳ್ಳು ಎಂದೂ ಹೇಳಿದೆ. ಅಕ್ಕ ಗೋಡೆಯಿಂದ ಚಿತ್ರ ಇಳಿಸುವಂತೆ ಕೈ ತೋರಿಸಿದಳು. ಅದರ ಕೆಳಗೆ ಪಟ್ಟಿಯನ್ನು ಜೋಡಿಸಿ, ಕನ್ನಡಕ ಏರಿಸಿ, ಪೆನ್ಸಿಲಿನ ತುದಿಯಿಂದ ಒಂದೊಂದೇ ಎಣಿಸಿದಳು.

"ಎಲ್ಲಾ ಸೇರಿ ಅರವತ್ತಮೂರು" ಎಂದಳು.

"ಹಿಂದುಗಡೆಯಿಂದ ಗಾಡಿ ಹೋಗೋ ದಾರಿ ಇರುತ್ತೆ ಅಕ್ಕಾ" ಎಂದಳು ನನ್ನ ಹೆಂಡತಿ, ನಕ್ಷೆಯಲ್ಲಿ ಹುಡುಕುತ್ತಾ. "ಬಾಗಿಲ ತನಕ ನಾನು ಕರ್ಕೊಂಡು ಹೋಗ್ತೀನಿ."

"ಹಿತ್ತಿಲ ಬಾಗಿಲಿಂದ ಹೋಗೋಕೆ ನಾನೇನು ಹಾಲು ಹಾಕೋಳಾ?"

"ತಪ್ಪಾಯ್ತು ಅಕ್ಕಾ" ಎಂದೆ.

"ತಪ್ಪೇ. ಸುಳ್ಳು ಹೇಳಿದ್ದು ತಪ್ಪು, ಅದಕ್ಕೆ ನಿನ್ನನ್ನ ಒಂಬತ್ತು ದಿನಾನೂ ಹಿಂದಿನ ಸೀಟಲ್ಲಿ ಕೂರಿಸ್ತೀನಿ." ಪಟ್ಟಿಯ ಮಡಿಕೆಗಳನ್ನು ಉಗುರಿನಿಂದ ಉಜ್ಜಿ ಸರಿಮಾಡಿದಳು. "ಆದ್ರೆ ಒಂದು ಮಾತು ಕೇಳು. ಆವತ್ತು ನೀನು ಈ ಚಿತ್ರಾನ ಪೂರ್ತಿ ನೇತುಹಾಕಿದ್ದಿದ್ರೆ ನಾನು ಅರವತ್ತಮೂರು ಎಣಿಸಿ, ಇದು ನನ್ನ ಕೈಲಾಗೋದಲ್ಲ ಅಂತ ಗೋಡೆ ಕಡೆ ತಿರುಗಿ ಮಲಗಿಬಿಡ್ತಿದ್ದೆ ಕಣೋ. ಇವತ್ತಿಗೂ ಅಲ್ಲೇ ಬಿದ್ದಿರ್ತಿದ್ದೆ."

ನನಗೆ ಅಳು ಬಂತು. ಗಾಜಿನ ಪುಡಿ ಎನ್ನಲು ಅಲ್ಲಿ ನಾನು ಗಾಜು ಕತ್ತರಿಸುತ್ತಿರಲಿಲ್ಲ. ಅಕ್ಕ ಅದನ್ನು ಕಂಡೂ ಕಾಣದವಳ ಹಾಗೆ ನನ್ನ ಹೆಂಡತಿಯ ಕಡೆ ತಿರುಗಿದಳು.

"ಮೇ ತಿಂಗಳನ್ನ ಅಳಿಸು. ಅಲ್ಲಿ ಯಾವ ತಿಂಗಳವರೆಗೆ ಮಳೆ ಹೆಚ್ಚಿರಲ್ಲ?"

"ಸೆಪ್ಟೆಂಬರ್ ಪರವಾಗಿಲ್ಲ ಅಕ್ಕಾ."

"ಸೆಪ್ಟೆಂಬರ್ ಅಂತ ಬರಿ. ನೀನು ಇದನ್ನ ಅಂಟಿಸಿ ಹೊಸ ಫ್ರೇಮು ಹಾಕು. ಚಿತ್ರಕ್ಕೆ ತಕ್ಕ ಹಾಗೆ ಫ್ರೇಮು ಕತ್ತರಿಸು, ಫ್ರೇಮಿಗೆ ತಕ್ಕ ಹಾಗೆ ಚಿತ್ರ ಅಲ್ಲ. ಮೂವತ್ತೆರಡು ವರ್ಷ ಆಯ್ತು, ಇಷ್ಟೂ ಗೊತ್ತಾಗ್ಬೇಡ್ವಾ?"

ಕೋಲು ತೆಗೆದುಕೊಂಡು ಎದ್ದಳು. ಅಂದಿನ ಪಾಳಿಯ ಇಪ್ಪತ್ತೆರಡನ್ನು ಬೆಳಿಗ್ಗೆಯೇ ಮುಗಿಸಿದ್ದಳು. ಆದರೂ ಮೆಟ್ಟಿಲಿನ ಕಡೆ ನಡೆದಳು. ನಾನು ಹಿಂದೆಯೇ ಹೋದೆ, ಹಿಡಿಯಲು ಹೋದರೆ ಕೋಲಿನಿಂದ ತಿವಿಯುತ್ತಾಳೆಂದು ಎರಡು ಮೆಟ್ಟಿಲು ದೂರದಲ್ಲೇ ಇಳಿದೆ. ಅಂಗಡಿಯ ಬಾಗಿಲಿನ ಹತ್ತಿರ ಅವಳು ಒಂದು ನಿಮಿಷ ನಿಂತು ಸುಧಾರಿಸಿಕೊಂಡಳು. ಮೇಲಿನಿಂದ ರಬ್ಬರು ಉಜ್ಜುವ ಸದ್ದು ಕೇಳುತ್ತಿತ್ತು. ಅಕ್ಕ ಕಂಬಿಯನ್ನು ಹಿಡಿದು, ಎಕ್ಸ್‌ಚೇಂಜಿನಲ್ಲಿ ನಂಬರು ಹೇಳುತ್ತಿದ್ದ ಅದೇ ಸ್ಪಷ್ಟ ದನಿಯಲ್ಲಿ "ಇಪ್ಪತ್ತಮೂರು" ಎಂದಳು. ಕಾಲೆತ್ತಿ ಮೊದಲ ಮೆಟ್ಟಿಲಿನ ಮೇಲೆ ಇಟ್ಟಳು.